ಜಾಡೆ ಮಾತಿಗೆ ಜವಾಬು ಕೊಟ್ಟ ಪೆಟ್ಟಿಗೆ

ನಮ್ಮನೇಲಿ ಜಗಳ ಆದ್ರೆ ಯಾರೂ ಕಿರುಚಾಡಲ್ಲ. ಮಾತು ಬಿಡ್ತೀವಿ. ಮಾತು ಬಿಟ್ಟ ಮೇಲೆ ಜಾಡೆ ಶುರು. ಜಾಡೆ ಅಂದ್ರೆ ನಿಮಗೆ ಗೊತ್ತೈತೋ ಇಲ್ವೋ, ಬೆಂಗ್ಳೂರು ಕಡೆಯೋರು ಅದನ್ನ ಏನಂತಾರೋ ನಾ ಕಾಣೆ. ಎದುರಿಗೆ ಕೂತೋಳಿಗೆ ಹೇಳಬೇಕಾದ್ದನ್ನ ಗೋಡೆಗೆ ಹೇಳೋದು, ಕೋಳಿಗೆ ಹೇಳೋದು, ತುಳಸಿಗೆ ನೀರು ಆಕ್ತಾ ತುಳಸಿಗೆ ಹೇಳೋದು. ಕೇಳಬೇಕಾದೋಳು ಅಲ್ಲೇ ಸೊಪ್ಪು ಬಿಡಿಸ್ತಾ ಕೂತಿರ್ತಾಳೆ, ಅವಳಿಗೆ ಚುರುಕ್ ಅನ್ನುತ್ತೆ. ಆದ್ರೆ ಜವಾಬು ಕೊಡಂಗಿಲ್ಲ. ಕೊಟ್ರೆ "ನಿಂಗ್ಯಾರೇ ಹೇಳಿದ್ದು, ನಾನು ಕೋಳಿಗೆ ಹೇಳ್ದೆ" ಅಂದ್ರೆ ಮುಗೀತು. ತೀರ್ಕೊಂಡ ನಮ್ಮತ್ತೆ ಇದ್ರಲ್ಲಿ ಎತ್ತಿದ ಕೈ. ಅವರ ಕೈಕೆಳಗೆ ಪಳಗಿದೋಳು ನಾನು, ರಂಗನಾಯಕಿ, ಸೇಲಂ ಅಮ್ಮಾಪೇಟೆಲಿ ಬಿಳೀ ರೇಷ್ಮೆ ಪಂಚೆ ನೇಯೋ ಚೆನ್ನಕೇಶವ ಅನ್ನೋರ ಹೆಂಡ್ತಿ. ಗಂಡನ ಹೆಸರು ಬಾಯಲ್ಲಿ ಹೇಳಬಾರ್ದು, ನಿಮಗೆ ಗೊತ್ತಾಗಲಿ ಅಂತ ಹೇಳ್ದೆ.

ನಾನು ಮಾತು ಬಿಟ್ಟಿದ್ದು ನನ್ನ ಓರಗಿತ್ತಿ ಸುಗುಣಾ ಜೊತೆ. ನಮ್ಮೆಜಮಾನರ ತಮ್ಮ ಪ್ರಭಾಕರ್ ಇದ್ದಾನಲ್ಲ, ಅವನ ಹೆಂಡ್ತಿ. ಒಂದೇ ಮನೆ, ಒಂದೇ ಒಲೆ, ಒಂದೇ ಮಗ್ಗದ ಕೋಣೆ. ಮದುವೆಯಾಗಿ ಬಂದ ದಿನದಿಂದ ನನ್ನ "ಅಕ್ಕಾ, ಅಕ್ಕಾ" ಅಂತ ಹಿಂದೆ ಮುಂದೆ ತಿರುಗಿದೋಳು. ಈ ವರ್ಷ ಪೊಂಗಲ್ ಕಳೆದ ಮೇಲೆ ಧರ್ಮಪುರೀಲಿ ಅವಳಣ್ಣ ಶಿವಲಿಂಗಂ ಹೊಸ ಮನೆ ಒಕ್ಕಲು ಮಾಡ್ದ. ಸಾರು ನನ್ನ ಕೈದು. ಪಂಕ್ತೀಲಿ ಬಡಿಸ್ತಾ ಬಡಿಸ್ತಾ ಸುಗುಣಾ ನಗ್ತಾ ಅಂದ್ಲು, "ಇವತ್ತು ನಮ್ಮಕ್ಕನ ಕೈಲಿ ಇಂಗಿನ ಡಬ್ಬಿ ಜಾರೈತೆ, ಸುಧಾರಿಸ್ಕೊಂಡು ಉಣ್ಣಿ." ಇಡೀ ಪಂಕ್ತಿ ನಕ್ತು. ಅವಳಣ್ಣನ ಬೀಗರು ನಕ್ರು. ನೀರು ಬಡಿಸೋಳು ಕೂಡ ನಕ್ಕಳು. ನನ್ನ ಸಾರಿಗೆ! ಸೇಲಂಗೆ ವಾಪಸ್ ಬರೋ ಬಸ್ಸಲ್ಲಿ ನಾನು ಕಿಟಕಿ ಕಡೆ ಮುಖ ತಿರುಗಿಸಿ ಕೂತೆ, ಮನೆ ಸೇರಿದ ಮೇಲೂ ಈ ಕಡೆ ತಿರುಗಲಿಲ್ಲ.

ಅವಳೇನು ಕಮ್ಮಿ ಅನ್ಕೋಬೇಡಿ. ಅವಳು ಜಾಡೆ ಕಲ್ತಿದ್ದೂ ಅದೇ ಅತ್ತೆ ಹತ್ರ. ನಾನು ಕೋಳಿಗೆ "ಕೆಲವ್ರು ಉಂಡ ತಟ್ಟೆ ಅಲ್ಲೇ ಬಿಟ್ಟು ಎದ್ದೋಗ್ತಾರೆ ನೋಡಮ್ಮ" ಅಂದ್ರೆ, ಅವಳು ಹಿತ್ತಲ ನುಗ್ಗೆ ಮರಕ್ಕೆ "ಕೆಲವರಿಗೆ ಬೇರೆಯವರ ತಟ್ಟೆ ನೋಡೋದೇ ಕೆಲಸ ಕಣಪ್ಪ" ಅಂತಿದ್ಲು. ನಮ್ಮೆಜಮಾನರು ಮಗ್ಗದ ಗುಳೀಲಿ ಕೂತು ಕೇಳಿಸದಂಗೆ ಲಟಕ್ ಲಟಕ್ ಅಂತ ನೇಯ್ತಾ ಇರ್ತಿದ್ರು. ಪ್ರಭಾಕರ್ ಮಿನಿ ಬಸ್ ಡ್ರೈವರು, ಧರ್ಮಪುರಿ ಸೇಲಂ ಮಧ್ಯೆ ಓಡಿಸ್ತಾನೆ, ಮನೇಲಿ ಇರೋದೇ ಅಪರೂಪ. ಅವನು ಪುಣ್ಯವಂತ.

ಹಿಂಗಿರೋವಾಗ ಮಾಲತಿ ಆ ಪೆಟ್ಟಿಗೆ ತಂದ್ಲು. ಮಾಲತಿ ಅಂದ್ರೆ ಸುಗುಣಾ ಮಗಳು, ಧರ್ಮಪುರೀಲಿ ಕಾಲೇಜಲ್ಲಿ ಪಾಠ ಹೇಳ್ತಾಳೆ, ಅಲ್ಲೇ ಹಾಸ್ಟೆಲ್ಲಲ್ಲಿದ್ದು ಶನಿವಾರ ಮನೆಗೆ ಬರ್ತಾಳೆ. ಪೆಟ್ಟಿಗೆ ಅಂತ ನಾವು ಕರೆಯೋದಷ್ಟೆ, ಅದು ಗುಂಡಗೆ ಉಪ್ಪಿನ ಭರಣಿ ಇದ್ದಂಗೈತೆ. ಮಗ್ಗದ ಕೋಣೆ ಗೂಡಲ್ಲಿ ಇಟ್ಟು ವೈರ್ ಚುಚ್ಚಿದ್ಲು.

"ದೊಡ್ಡಮ್ಮ, ಕೈಯೆಲ್ಲಾ ನೂಲು, ಸ್ವಿಚ್ ಮುಟ್ಟೋಕಾಗಲ್ಲ ಅಂತ ಬೈತಿರ್ತೀಯಲ್ಲ. ಇನ್ಮೇಲೆ ಬಾಯಲ್ಲಿ ಹೇಳು, ಸಾಕು. ಫ್ಯಾನ್ ಆಕುತ್ತೆ, ಲೈಟ್ ಆರಿಸುತ್ತೆ, ಹಾಡು ಹೇಳುತ್ತೆ. ಇಷ್ಟೊತ್ತಿಗೆ ಇದು ನೆನಪು ಮಾಡು ಅಂದ್ರೆ ಮಾಡುತ್ತೆ."

"ಕನ್ನಡ ಬತ್ತದಾ?"

"ತಮಿಳಿಗೆ ಇಟ್ಟಿದ್ದೀನಿ ದೊಡ್ಡಮ್ಮ. ನಾವಾಡೋ ಕನ್ನಡ ಬೆಂಗ್ಳೂರೋರಿಗೇ ಅರ್ಥ ಆಗಲ್ಲ, ಇದಕ್ಕೆಲ್ಲಿಂದ ಆಗ್ಬೇಕು?"

ಪೆಟ್ಟಿಗೆಗೆ ಒಂದು ನೀಲಿ ಬಳೆಯಂಥ ಬೆಳಕು ಬಂತು. "ವಣಕ್ಕಂ, ನಾನ್ ಉಂಗಳುಕ್ಕು ಎಪ್ಪಡಿ ಉದವಲಾಂ?" ಅಂತು. ನಿಮಗೆ ನಾನೇನು ಸಹಾಯ ಮಾಡ್ಲಿ ಅಂತ. ಅಬ್ಬಬ್ಬಾ, ಎಂಥ ಶುದ್ಧ ತಮಿಳು ಅಂತೀರಾ! ನಾವು ಅಮ್ಮಾಪೇಟೆ ಬೀದೀಲಿ ಆಡೋ ತಮಿಳು ಅದರ ಮುಂದೆ ಎಂಜಲು ನೀರು. ನಮ್ಮೆಜಮಾನರು ಮಗ್ಗ ನಿಲ್ಲಿಸಿ, "ಲೇ, ಇವಳು ಟಿವೀಲಿ ನ್ಯೂಸ್ ಓದೋಳಲ್ವೇನೇ? ಇವಳಿಗೆ ತಮಿಳ್‌ಸೆಲ್ವಿ ಅಂತ ಹೆಸರಿಡಿ" ಅಂದ್ರು. ಕರೆಯೋ ಹೆಸರು ನಾವೇ ಇಡಬೋದಂತೆ, ಮಾಲತಿ ಫೋನಲ್ಲಿ ಏನೋ ಒತ್ತಿದ್ಲು. ಅವತ್ತಿಂದ ಅದು ತಮಿಳ್‌ಸೆಲ್ವಿ.

ಮೊದಲು ಅದನ್ನ ಸದ್ಬಳಕೆ ಮಾಡಿದ್ವಿ ಅಂತಾನೇ ಹೇಳ್ತೀನಿ. ಆಮೇಲೆ ಒಂದು ಮಧ್ಯಾಹ್ನ, ಸುಗುಣಾ ರಾಟೆ ಮುಂದೆ ಕೂತು ನೂಲು ಸುತ್ತುತಾ ತಣ್ಣಗೆ ಕೇಳಿದ್ಲು, "ತಮಿಳ್‌ಸೆಲ್ವಿ, ನಾಲ್ಕು ಜನರಿಗೆ ರಸಂ ಮಾಡೋಕೆ ಎಷ್ಟು ಪೆರುಂಗಾಯ ಆಕ್ಬೇಕು?" ತಮಿಳಲ್ಲೇ ಕೇಳಿದ್ಲು, ನಂಗೆ ಚೆನ್ನಾಗಿ ಕೇಳಿಸ್ಲಿ ಅಂತ. ಪೆರುಂಗಾಯ ಅಂದ್ರೆ ಇಂಗು. ಆ ಪೆಟ್ಟಿಗೆ ಮುಂಡೇದು, "ಒರು ಸಿಟ್ಟಿಗೈ" ಅಂತು. ಒಂದೇ ಒಂದು ಚಿಟಿಕೆ!

ನಂಗೆ ಮೈಯೆಲ್ಲಾ ಉರೀತು. ಇಷ್ಟು ದಿನ ಜಾಡೆ ಆಡಿದ್ವಿ, ಗೋಡೆ ಯಾವತ್ತೂ ಒಬ್ಬರ ಪಕ್ಷ ವಹಿಸಿರಲಿಲ್ಲ. ಕೋಳಿ ಯಾವತ್ತೂ ತೀರ್ಪು ಹೇಳಿರಲಿಲ್ಲ. ಇದು ಬಂದು ಎರಡು ವಾರಕ್ಕೆ ಅವಳ ಕಡೆ ಸಾಕ್ಷಿ ಹೇಳ್ತು. ಬಿಡ್ತೀನಾ ನಾನು? "ತಮಿಳ್‌ಸೆಲ್ವಿ, ಫ್ಯಾನ್ ನಿಲ್ಲಿಸು" ಅಂದೆ ನಾನೂ ತಮಿಳಲ್ಲೇ. ಗಾಳಿಗೆ ರೇಷ್ಮೆ ಎಳೆ ಒಣಗಿ ಕಿತ್ತೋಗುತ್ತೆ, ಅದು ನಿಜಾನೇ. ಆದ್ರೆ ಫ್ಯಾನ್ ಕೆಳಗೆ ಕೂತಿದ್ದು ಸುಗುಣಾ, ಅದೂ ನಿಜ. ಫ್ಯಾನ್ ನಿಂತಿತು. "ತಮಿಳ್‌ಸೆಲ್ವಿ, ಫ್ಯಾನ್ ಪೋಡು" ಅಂದ್ಲು ಸುಗುಣಾ, ಆಕು ಅಂತ. ತಿರುಗಿತು. "ನಿಲ್ಲಿಸು." ನಿಂತಿತು. "ಪೋಡು." ಒಬ್ಬರ ಮಾತೂ ತೆಗೆದಾಕ್ತಿರಲಿಲ್ಲ ಅದು, ಅಷ್ಟು ವಿನಯ. ಮಧ್ಯೆ ಕೂತ ನಮ್ಮೆಜಮಾನರು ಟವೆಲಲ್ಲಿ ಬೆವರು ಒರೆಸ್ಕೊಂಡು, "ಮನೇಲಿ ಇಬ್ಬರು ಸಾಲ್ದು ಅಂತ ಮೂರನೇಯವಳ್ನೂ ತಂದ್ರಲ್ಲಪ್ಪಾ" ಅಂತ ಎದ್ದು ಟೀ ಕುಡಿಯೋಕೆ ಓದ್ರು.

ಆಮೇಲೆ ನೆನಪು ಮಾಡೋ ವಿದ್ಯೆ ಕಲ್ತ್ವಿ. ಇದು ಜಾಡೆಗೆ ಅಂತಾನೇ ಹುಟ್ಟಿರೋ ವಿದ್ಯೆ ಕಣ್ರೀ. ನಾವು ಬಾಯಿ ತೆರೆಯೋದೇ ಬೇಡ, ನಾವು ಆಚೆ ತರಕಾರಿ ತರೋಕೆ ಓದ್ರೂ ಜಾಡೆ ಒಳಗೆ ನಡೀತಿರುತ್ತೆ. ಬೆಳಿಗ್ಗೆ ಪೆಟ್ಟಿಗೆ ಟಿಂಗ್ ಅಂತು, "ನಿನೈವೂಟ್ಟಲ್. ಕಾಫಿ ಕುಡಿದ ಲೋಟ ತೊಳೆದಿಡುವುದು ಮರಿಯಾದೆ" ಅಂತ ತಮಿಳಲ್ಲಿ ಹೇಳ್ತು. ಅದು ನಾನು ಇಟ್ಟಿದ್ದು. ನಿನೈವೂಟ್ಟಲ್ ಅಂದ್ರೆ ನೆನಪೋಲೆ ಅಂತಿಟ್ಕೊಳ್ಳಿ. ಅದಾದ ಸ್ವಲ್ಪ ಹೊತ್ತಿಗೆ ಇನ್ನೊಂದು ಟಿಂಗ್, "ನಿನೈವೂಟ್ಟಲ್. ದೊಡ್ಡವರು ದೊಡ್ಡವರಂತೆ ನಡೆದುಕೊಳ್ಳಬೇಕು." ಇದು ಅವಳದು. ಪಕ್ಕದ ಮನೆಯೋಳು ಗೋಡೆ ಮೇಲಿಂದ ಇಣುಕಿ, "ಏನಕ್ಕಾ, ರೇಡಿಯೋಲಿ ಒಳ್ಳೊಳ್ಳೆ ನೀತಿ ಹೇಳ್ತಾರಲ್ಲ, ಯಾವ ಸ್ಟೇಷನ್ನು?" ಅಂದ್ಲು. ನಾನು ನಗು ತಡ್ಕೊಂಡೆ. ಆ ಕಡೆ ಸುಗುಣಾ ಭುಜ ಅಲ್ಲಾಡ್ತಿತ್ತು. ಇಬ್ಬರೂ ಬೇರೆ ಬೇರೆ ಗೋಡೆ ಕಡೆ ತಿರುಗಿ ನಕ್ವಿ, ಅಷ್ಟು ಹಟ.

ನಿಜ ಹೇಳ್ಬೇಕು ಅಂದ್ರೆ ಆ ದಿನಗಳು ನಂಗೆ ಇಷ್ಟಾನೇ ಆಗಿದ್ವು. ಜಗಳಾನೋ ಏನೋ, ಅವಳು ಅಲ್ಲಿದ್ಲು, ನಾನು ಇಲ್ಲಿದ್ದೆ. ಹಿಂಗೇ ಇರುತ್ತೆ ಅನ್ಕೊಂಡಿದ್ದೆ.

ಆಡಿ ತಿಂಗಳು, ನಿಮ್ಮ ಕಡೆ ಆಷಾಢ ಅಂತಾರಲ್ಲ ಅದು, ಹುಟ್ಟಿದ ವಾರ, ನಾನು ಹಿತ್ತಲಲ್ಲಿ ರಾಗಿ ಕೂಳು, ಅಂಬಲಿ ಅನ್ನಿ, ಕಾಯಿಸ್ತಿದ್ದೆ. ಒಳಗೆ ಸುಗುಣಾ ಪೆಟ್ಟಿಗೆಯಿಂದ ಮಾಲತಿಗೆ ಕಾಲ್ ಆಕಿಸಿ ಮಾತಾಡ್ತಿದ್ಲು. ಪೆಟ್ಟಿಗೇಲಿ ಮಾತಾಡಿದ್ರೆ ಬೀದಿಗೇ ಕೇಳುತ್ತೆ. "ಆ ಮನೆ ನೋಡ್ದೇನೇ? ನೋಡಿ ಮುಗ್ಸು. ಆವಣಿ ಹುಟ್ಟುತ್ಲೂ ಬಂದ್ಬಿಡ್ತೀನಿ. ನಿಮ್ಮಪ್ಪಂಗೂ ಹೆಂಗೂ ಧರ್ಮಪುರೀಲೇ ರಾತ್ರಿ ಹಾಲ್ಟು. ಮುಖ ಕೊಟ್ಟು ಮಾತಾಡೋರೇ ಇಲ್ಲದ ಮನೇಲಿ ನಾನ್ಯಾಕಿರ್ಲಿ ಹೇಳು?" ಇದು ಜಾಡೆ ಅಲ್ಲ. ಜಾಡೆ ಆಗಿದ್ರೆ ಅವಳ ದನಿ ಸ್ವಲ್ಪ ಮೇಲಕ್ಕಿರ್ತಿತ್ತು. ಇದು ನಿಜವಾಗ್ಲೂ ಮಗಳಿಗೆ ಹೇಳಿದ ಮಾತು.

ಕೂಳು ತಳ ಹತ್ತಿತು. ನಂಗೆ ಸೌಟು ಆಡಿಸ್ಬೇಕು ಅಂತಾನೇ ಹೊಳೀಲಿಲ್ಲ. ಇವಳು ಓದ್ರೆ ಈ ಮನೇಲಿ ನಾನು ಯಾರ ಜೊತೆ ಜಗಳ ಆಡ್ಲಿ? ಯಾರ ಮುಂದೆ ಅಳ್ಲಿ? ನಂಗೆ ಜ್ವರ ಬಂದಾಗ ಬೈಕೊಂಡು ಬೈಕೊಂಡು ಗಂಜಿ ಕುಡಿಸೋಳು ಅವಳು. ನಂಗೆ ಬೇಕಾಗಿದ್ದು ಒಂದೇ, ಸುಗುಣಾ ಈ ಮನೇಲೇ ಇರ್ಬೇಕು. ಅಷ್ಟೇ.

ಆಡೀಲಿ ಯಾರೂ ಮನೆ ಬದಲಾಯಿಸಲ್ಲ, ಅದು ಕಳೆದು ಆವಣಿ ತಿಂಗಳು ಹುಟ್ಬೇಕು. ಹಂಗಾಗಿ ಆ ತಿಂಗಳಷ್ಟೂ ನನ್ನದು. ಓಗಬೇಡ ಅನ್ನೋಕೆ ಒಂದು ಗಳಿಗೆ ಸಾಕಲ್ವಾ? ಸಾಕು. ಆದ್ರೆ ನಾನು ದೊಡ್ಡೋಳು. ಮಾತು ಬಿಟ್ಟೋಳು ನಾನೇ, ನಾನೇ ಮೊದಲು ಮಾತಾಡಿದ್ರೆ ಮಾನ ಎಲ್ಲಿ ಉಳೀತು? ಬೆಳಿಗ್ಗೆ ಕಾಫಿ ಕೊಡೋವಾಗ ಹೇಳ್ತೀನಿ ಅನ್ಕೊಂಡು ಏಳ್ತಿದ್ದೆ. ಲೋಟ ಟಣ್ ಅಂತ ನೆಲದ ಮೇಲಿಟ್ಟು ಬರ್ತಿದ್ದೆ. ನಾಲಿಗೆ ಅನ್ನೋದು ಬಾಯಲ್ಲಿ ಒಣಗಿದ ಹುಣಸೆ ಕಾಯಿ ಆಗಿತ್ತು.

ನಮ್ಮೆಜಮಾನರ ಹತ್ರ ಹೇಳ್ದೆ, "ಏನ್ರೀ, ಅವಳಿಗೆ ನೀವೊಂದು ಮಾತು ಹೇಳ್ರೀ."

"ನಾನ್ಯಾಕೆ ಹೇಳ್ಲಿ? ಇಂಗು ಆಕಿದ್ದು ನಾನಾ?" ಅಂದ್ರು.

ಈ ಮನುಷ್ಯನ್ನ ಕಟ್ಕೊಂಡು ನಾನು ಇಷ್ಟು ವರ್ಷ ಎಂಗೆ ಬಾಳಿದೆನೋ. ಸರಿ, ನಂಗೊಂದು ಉಪಾಯ ಹೊಳೀತು. ತಮಿಳ್‌ಸೆಲ್ವಿ ಇದ್ದಾಳಲ್ಲ, ಅವಳ ಬಾಯಲ್ಲೇ ಹೇಳಿಸೋಣ. ಹೇಳಿಸೋದು ಅಂದ್ರೆ ನೇರವಾಗಿ ಅಲ್ಲ, ನಮ್ಮತ್ತೆ ಹೇಳ್ತಿದ್ದಂಗೆ. ನಾನು ಮದುವೆಯಾದ ಹೊಸದರಲ್ಲಿ ಅತ್ತೆ ಜೊತೆ ಮುನಿಸ್ಕೊಂಡು ಮೇಟೂರು ಹತ್ರದ ನಮ್ಮೂರಿಗೆ ಹೊರಟು ನಿಂತಿದ್ದೆ. ಅತ್ತೆ ಬಾಗಿಲ ಕಂಬ ಹಿಡ್ಕೊಂಡು, ಸೆರಗು ಬಾಯಿಗೆ ಒತ್ಕೊಂಡು, ಕಂಬಕ್ಕೆ ಹೇಳಿದ್ರು, "ಓಗೋರು ಓಗ್ಲಿ ಬಿಡು." ಅಷ್ಟೇ. ಗಂಟಲು ಕಟ್ಟಿತ್ತು ಅವರದ್ದು. ನಾನು ಚೀಲ ಕೆಳಗಿಟ್ಟು ಕಾಲು ತೊಳ್ಕೊಂಡು ಒಳಗೆ ಬಂದೆ. ನಮ್ಮನೇಲಿ "ಓಗೋರು ಓಗ್ಲಿ" ಅಂದ್ರೆ ದಮ್ಮಯ್ಯ ಓಗಬೇಡ ಅಂತ ಅರ್ಥ. ಇದು ಸುಗುಣಾಗೂ ಗೊತ್ತು. ಅವಳಿಗೂ ಅತ್ತೆ ಒಂದ್ಸಲ ಹಿಂಗೇ ಹೇಳಿ ನಿಲ್ಲಿಸಿದ್ರು.

ಮನೇಲಿ ಯಾರೂ ಇಲ್ಲದ ಹೊತ್ತು ನೋಡಿ ಪೆಟ್ಟಿಗೆ ಮುಂದೆ ಕೂತೆ. ಸೆರಗು ಬಾಯಿಗೆ ಒತ್ಕೊಂಡೆ. ಅತ್ತೆ ಹೇಳಿದಂಗೇ, ಎದೆಯಿಂದ, ನಡುಗ್ತಾ ಹೇಳ್ದೆ, "ತಮಿಳ್‌ಸೆಲ್ವಿ, ಬೆಳಿಗ್ಗೆ ನೆನಪು ಮಾಡು. ಪೋರವಂಗ ಪೋಗಟ್ಟುಂ." ಓಗೋರು ಓಗ್ಲಿ. ಒಂದು ದಿನಕ್ಕಾ, ದಿನಾನಾ ಅಂತ ಕೇಳ್ತು. ದಿನಾ ಅಂದೆ. ಒಂದ್ಸಲಕ್ಕೆ ಕರಗೋ ಜೀವ ಅಲ್ಲ ಅದು.

ಮಾರನೇ ದಿನ ಬೆಳಿಗ್ಗೆ ಎಲ್ಲರೂ ದೋಸೆ ತಿಂತಾ ಕೂತಿದ್ವಿ. ಪ್ರಭಾಕರ್ ಕೂಡ ಇದ್ದ. ಪೆಟ್ಟಿಗೆ ಟಿಂಗ್ ಅಂತು. "ನಿನೈವೂಟ್ಟಲ್. ಪೋರವಂಗ ಪೋಗಟ್ಟುಂ." ಅಯ್ಯೋ ನನ್ನ ಶಿವನೇ! ಸೇಲಂ ಜಂಕ್ಷನ್ನಲ್ಲಿ ರೈಲು ಬಂತು ಅಂತ ಹೇಳ್ತಾರಲ್ಲ, ಆ ದನೀಲಿ. ಗಂಟಲು ಕಟ್ಟಿದ್ದಿಲ್ಲ, ನಡುಕ ಇಲ್ಲ, ಸೆರಗು ಇಲ್ಲ. ನಾನು ಅತ್ತು ಹೇಳಿದ್ದನ್ನ ಅದು ಸ್ನಾನ ಮಾಡಿ ಪೌಡರ್ ಆಕ್ಕೊಂಡು ಹೇಳ್ತು. ನಮ್ಮನೇ ಜಾಡೆ ಎಲ್ಲಾ ಇರೋದೇ ದನೀಲಿ. ದನಿ ತೆಗೆದ್ರೆ ಉಳಿಯೋದು ಬರೀ ಮಾತು, ಬರೀ ಮಾತಿಗೆ ಅರ್ಥ "ಓಗೋದಾದ್ರೆ ಓಗು, ನಂಗೇನು" ಅಂತ.

ಸುಗುಣಾ ಕೈಲಿದ್ದ ದೋಸೆ ತುಂಡು ತಟ್ಟೇಲೇ ಉಳೀತು. ಅವಳು ನನ್ನ ಕಡೆ ನೋಡಿದ್ಲು. ತಿಂಗಳುಗಟ್ಟಲೆ ಆದ್ಮೇಲೆ ಮೊದಲನೇ ಸಲ ನೇರ ನೋಡಿದ್ಲು, ಕಣ್ಣು ತುಂಬಿತ್ತು. ಎದ್ದು ಕೈ ತೊಳೆಯೋಕೆ ಓದ್ಲು. ಪ್ರಭಾಕರ್ ತಲೆ ಬಗ್ಗಿಸ್ಕೊಂಡು, "ಅತ್ತಿಗೆ, ಅಷ್ಟೊಂದು ಯಾಕೆ" ಅಂದ. ಈ ಮಾತು ಎಷ್ಟು ದಿನದಿಂದ ತಡ್ಕೊಂಡಿದ್ನೋ ಪಾಪ. ನಂಗೆ ಭೂಮಿ ಬಾಯಿ ಬಿಟ್ಟಿದ್ರೆ ಸಾಕು ಅನ್ನಿಸ್ತು.

ತೆಗೆದಾಕೋಣ ಅಂತ ಸಂಜೆ ನೋಡ್ದೆ. "ತಮಿಳ್‌ಸೆಲ್ವಿ, ನೆನಪು ಮಾಡೋದು ನಿಲ್ಲಿಸಮ್ಮ" ಅಂದೆ ಮೆಲ್ಲಗೆ. "ಯಾವ ನಿನೈವೂಟ್ಟಲ್?" ಅಂತ ಕೇಳಿ ಜೋರಾಗಿ ಎಲ್ಲಾ ಓದೋಕೆ ಶುರು ಮಾಡ್ತು. ಲೋಟದ್ದು, ತಟ್ಟೇದು, ದೊಡ್ಡವರು ದೊಡ್ಡವರಂತೆ ಇರೋದು, ಇಂಗು ಒಂದು ಚಿಟಿಕೆ ಅನ್ನೋದು, ಒಂದಾದ್ಮೇಲೆ ಒಂದು. ಹಿತ್ತಲಿಂದ ಸುಗುಣಾ ಹೆಜ್ಜೆ ಸದ್ದು ಕೇಳ್ತು. ನಾನು ಪೆಟ್ಟಿಗೆ ಮೇಲೆ ಟವೆಲ್ ಮುಚ್ಚಿ ಅಡುಗೆಮನೆಗೆ ಓಡ್ದೆ. ಮುಚ್ಚಿದ್ರೂ ಅದು ಒಳಗೇ ಓದ್ತಾನೇ ಇತ್ತು. ವೈರ್ ಕೀಳೋಣ ಅಂದ್ರೆ ಯಾಕೆ ಕಿತ್ತೆ ಅಂತ ಎಲ್ಲರಿಗೂ ಜವಾಬು ಕೊಡ್ಬೇಕು.

ಹಂಗಾಗಿ ಆಡಿ ತಿಂಗಳೆಲ್ಲಾ ದಿನಾ ಬೆಳಿಗ್ಗೆ ದೋಸೆ ಹೊತ್ತಿಗೆ ಪೋರವಂಗ ಪೋಗಟ್ಟುಂ. ಸುಗುಣಾ ಜಾಡೆ ಆಡೋದೇ ನಿಲ್ಲಿಸಿದ್ಲು. ನುಗ್ಗೆ ಮರದ ಜೊತೆ ಕೂಡ ಮಾತಿಲ್ಲ. ಅದಕ್ಕೆ ನಂಗೆ ಇನ್ನೂ ಜಾಸ್ತಿ ಉರೀತು. ಅಟ್ಟದಿಂದ ಅವಳ ಮದುವೆ ಟ್ರಂಕು ಕೆಳಗಿಳೀತು. ಪಾತ್ರೆಗಳಿಗೆ ಅವಳದ್ದು ಯಾವುದು ನನ್ನದು ಯಾವುದು ಅಂತ ಗುರುತೇ ಇಲ್ಲ, ಎಲ್ಲಾ ಕಲಸೋಗಿತ್ತು. ಅವಳು ಒಂದನ್ನೂ ಮುಟ್ಟಲಿಲ್ಲ, ಸೀರೆ ಮಾತ್ರ ಮಡಿಸಿ ಇಟ್ಕೊಂಡ್ಲು. ಪಾತ್ರೆ ಎಲ್ಲಾ ನನಗೇ ಬಿಟ್ಟು ಓಗ್ತಾಳೆ ಅಂತ ಗೊತ್ತಾದಾಗ ನಾನು ಈರುಳ್ಳಿ ಇಲ್ದೇನೇ ಅತ್ತೆ.

ಆಡಿ ಕೊನೆ ದಿನ. ಮಾರನೇ ಬೆಳಿಗ್ಗೆ ಪ್ರಭಾಕರ್ ಟೆಂಪೋ ತರ್ತೀನಿ ಅಂದಿದ್ದ. ಅವತ್ತೇ ಮಗ್ಗದಲ್ಲಿ ಹಳೇ ಹಾಸು ಮುಗೀತು. ಹಾಸು ಅಂದ್ರೆ ಮಗ್ಗದ ಉದ್ದಕ್ಕೆ ಕಟ್ಟಿರೋ ನೂಲು. ಹೊಸ ಹಾಸಿನ ಒಂದೊಂದು ಎಳೇನೂ ಹಳೇ ಎಳೆಯ ತುದಿಗೆ ಇಟ್ಟು, ಬೆರಳಿಗೆ ಬೂದಿ ಮುಟ್ಟಿಸ್ಕೊಂಡು, ಹೊಸೆದು ಸೇರಿಸ್ಬೇಕು. ಕೂದಲಿಗಿಂತ ಸಣ್ಣ ಎಳೆ, ಸಾವಿರಾರು. ಒಬ್ಬರು ಆರಿಸಿ ಕೊಡ್ಬೇಕು, ಒಬ್ಬರು ಹೊಸೀಬೇಕು. ನಮ್ಮನೇಲಿ ಯಾವತ್ತೂ ಸುಗುಣಾ ಕೊಡೋದು, ನಾನು ಹೊಸೆಯೋದು. ಗಂಡಸರು ಈ ಕೆಲಸಕ್ಕೆ ಬರಲ್ಲ, ಅವರ ಬೆರಳಿಗೆ ತಾಳ್ಮೆ ಇಲ್ಲ.

ನಾನು ಕರೀಲಿಲ್ಲ, ಅವಳೇ ಬಂದು ಕೂತ್ಲು. ಓಗೋ ಮುಂಚೆ ಮಗ್ಗ ನಿಲ್ಲಿಸಿ ಓಗಬಾರ್ದು ಅಂತ ಇರ್ಬೇಕು, ಅಂಥ ಗುಣ ಅವಳದು. ನಮ್ಮಿಬ್ಬರ ಮೊಣಕಾಲು ಮೊಣಕಾಲಿಗೆ ತಾಗ್ತಿತ್ತು. ಮಧ್ಯೆ ಬಿಳೀ ರೇಷ್ಮೆ ಎಳೆ. ಅವಳು ಕೊಡ್ತಾಳೆ, ನಾನು ತಗೋತೀನಿ, ಹೊಸೀತೀನಿ, ಬಿಡ್ತೀನಿ. ಮುಂಚೆ ಈ ಕೆಲಸ ಮಾಡೋವಾಗ ಬೀದೀಲಿ ಯಾರ ಮನೆ ಸೊಸೆ ಏನಂದ್ಲು ಅನ್ನೋದೆಲ್ಲಾ ಮಾತಾಡ್ತಿದ್ವಿ, ನಗ್ತಾ ನಗ್ತಾ ಎಳೆ ತಪ್ಪಿಸಿ ಬೈಸ್ಕೊತಿದ್ವಿ. ಅವತ್ತು ಬೂದಿ ಉದುರೋ ಸದ್ದು ಕೇಳ್ತಿತ್ತು. ನಮ್ಮೆಜಮಾನರು ಬಾಗಿಲಲ್ಲಿ ಇಣುಕಿ ನೋಡಿ ಹಂಗೇ ಹಿಂದಕ್ಕೆ ಓದ್ರು.

ಅವಳು ಆರಿಸಿದ ಎಳೆ ಎರಡು ಸಲ ಜಾರಿತು, ನಾನು ನೋಡ್ದೆ. ನೋಡಿ ನೋಡಿ ನಂಗೆ ಎಳೆ ಕಾಣದಂಗಾಯ್ತು. ಹೇಳೇ ರಂಗನಾಯಕಿ, ಹೇಳೇ, ಅಂತ ಒಳಗೆ ಬಡ್ಕೋತಾನೇ ಇದ್ದೆ.

ಆಗ ಸುಗುಣಾನೇ ಮಾತಾಡಿದ್ಲು. ನನ್ನ ಜೊತೆ ಅಲ್ಲ. ತಲೆ ಎತ್ತದೇನೇ, ಗೂಡಲ್ಲಿರೋ ಪೆಟ್ಟಿಗೆಗೆ.

"ತಮಿಳ್‌ಸೆಲ್ವಿ, ನಾಳೈಕ್ಕಿ ನಾನ್ ಪೋರೇನ್ನು ಸೊಲ್ಲು."

ನಾಳೆ ನಾನು ಓಗ್ತಿದ್ದೀನಿ ಅಂತ ಹೇಳು. ನಮ್ಮನೇ ಹಳೇ ಜಾಡೆ. ಓಗೋ ಮುಂಚೆ ಕೊನೇದು. ಇದಕ್ಕೆ ಗೋಡೆ ಆಗಿದ್ರೆ ಸುಮ್ಮನಿರ್ತಿತ್ತು, ಕಂಬ ಆಗಿದ್ರೆ ಸುಮ್ಮನಿರ್ತಿತ್ತು, ಮಾತು ನನ್ನ ಕಿವಿ ಮೇಲೆ ಬಿದ್ದು ಅಲ್ಲಿಗೇ ಮುಗೀತಿತ್ತು.

ನೀಲಿ ಬೆಳಕು ಬಂತು. "ಸರಿ. ಯಾರುಕ್ಕು ಸೊಲ್ಲ ವೇಂಡುಂ?"

ಯಾರಿಗೆ ಹೇಳ್ಬೇಕು?

ಸುಗುಣಾ ಕೈಲಿ ಎಳೆ ಹಂಗೇ ನಿಂತಿತು. ನಮ್ಮ ವಂಶದಲ್ಲಿ ಜಾಡೆ ಆಡಿದ ಯಾವ ಹೆಂಗಸಿಗೂ ಯಾವ ಗೋಡೇನೂ ಕೇಳದ ಪ್ರಶ್ನೆ ಅದು. ಯಾರಿಗೆ ಅಂತ ಹೇಳಿಬಿಟ್ರೆ ಅದು ಜಾಡೆ ಎಂಗಾಗುತ್ತೆ? ಅವಳು ತುಟಿ ಕಚ್ಕೊಂಡ್ಲು.

"ಪೆಯರೈ ಸೊಲ್ಲುಂಗ" ಅಂತು ಪೆಟ್ಟಿಗೆ. ಹೆಸರು ಹೇಳಿ ಅಂತ. ಎಷ್ಟು ಮರ್ಯಾದೆಯಿಂದ ಕೇಳ್ತು ಅಂದ್ರೆ ಬೈಯೋಕೂ ಒಂದು ಕಾರಣ ಸಿಗಲಿಲ್ಲ.

ಅವಳು ಬಾಯಿ ತೆರೆದ್ಲು. ನಾನು ಬಿಡಲಿಲ್ಲ.

"ನಂಗೆ!" ಅಂತ ಕಿರುಚ್ದೆ. ಎಲ್ಲಿತ್ತೋ ಆ ದನಿ. "ನಂಗೇ ಕಣೇ! ನಂಗೇ ಹೇಳು! ನಾನಿಲ್ಲೇ ಕೂತಿಲ್ವಾ, ನಿನ್ನ ಮೊಣಕಾಲು ಮುಟ್ಕೊಂಡು? ನೇರ ನಂಗೆ ಹೇಳು ಓಗ್ತೀನಿ ಅಂತ, ನಾನು ನೇರ ನಿಂಗೆ ಹೇಳ್ತೀನಿ. ಓಗಬ್ಯಾಡ ಸುಗುಣಾ. ಓಗಬ್ಯಾಡ ಕಣೇ. ನೀನಿಲ್ದೇ ನಂಗಾಗಲ್ಲ."

ಆಡಿಬಿಟ್ಟೆ. ಮಾನ ಎಲ್ಲೂ ಓಗಲಿಲ್ಲ, ಮನೆ ಮೇಲಿನ ಹೆಂಚು ಹಂಗೇ ಇತ್ತು.

ಸುಗುಣಾ ನನ್ನ ನೋಡಿದ್ಲು. ಮುಖ ಕೆಂಪಗಾಯ್ತು. ಅಳ್ತಾಳೆ ಅನ್ಕೊಂಡೆ, ಇಲ್ಲ, ಸಿಟ್ಟು ಬಂತು ಅವಳಿಗೆ. "ಏನಕ್ಕಾ ನೀನು? ಗೋಡೆಗೆ ಹೇಳ್ದೆ, ಕೋಳಿಗೆ ಹೇಳ್ದೆ, ದಿನಾ ಬೆಳಿಗ್ಗೆ ಈ ಪೆಟ್ಟಿಗೆ ಬಾಯಲ್ಲಿ ಓಗೋರು ಓಗ್ಲಿ ಅಂತ ಹೇಳಿಸ್ದೆ. ಮನುಷ್ಯಳು ಅಂತ ನಾನೊಬ್ಬಳು ಇದ್ದೆನಲ್ಲ ಈ ಮನೇಲಿ! ನಂಗೆ ಯಾಕೆ ಹೇಳಲಿಲ್ಲ?"

"ಅತ್ತೆ ಹೇಳ್ತಿದ್ದಂಗೆ ಹೇಳಿದ್ದು ಕಣೇ ಅದು! ಅಳ್ತಾ ಹೇಳ್ದೆ ನಾನು, ಸೆರಗು ಒತ್ಕೊಂಡು. ಆ ಮುಂಡೇದು ನ್ಯೂಸ್ ಓದಿದಂಗೆ ಓದಿಬಿಡ್ತು."

ಅವಳಿಗೆ ಅರ್ಥವಾಗೋಕೆ ಒಂದು ಗಳಿಗೆ ಬೇಕಾಯ್ತು. ಆಮೇಲೆ ಅವಳ ಬಾಯಿ ವಾರೆಯಾಯ್ತು. "ಸೆರಗು ಒತ್ಕೊಂಡಾ? ಪೆಟ್ಟಿಗೆ ಮುಂದೆ?" ಅಂದ್ಲು. "ಹೂಂ" ಅಂದೆ. ನಕ್ಳು ನೋಡಿ! ಹೊಟ್ಟೆ ಹಿಡ್ಕೊಂಡು, ಬೂದಿ ಕೈಯಲ್ಲೇ ಕಣ್ಣು ಒರೆಸ್ಕೊಂಡು, ಮುಖವೆಲ್ಲಾ ಬೂದಿ ಬಳ್ಕೊಂಡು ನಕ್ಳು. ನಾನೂ ನಕ್ಕೆ, ಅತ್ತುಬಿಟ್ಟೆ, ಯಾವುದು ಯಾವಾಗ ಅಂತ ಗೊತ್ತಾಗಲಿಲ್ಲ. ಪೊಂಗಲಿಂದ ಆಡಿ ತನಕ ಕೂಡಿಟ್ಟಿದ್ದ ಮಾತೆಲ್ಲಾ ಒಟ್ಟಿಗೆ ಬಂತು. ಅವಳು ನಂಗೆ ಬೈದ್ಲು, ನಾನು ಅವಳಿಗೆ ಬೈದೆ, ಇಂಗಿನ ವಿಷಯದಲ್ಲಿ ಇಬ್ಬರೂ ಸೋಲಲಿಲ್ಲ. ಮಧ್ಯೆ ಪೆಟ್ಟಿಗೆ ಟಿಂಗ್ ಅಂದು, "ಮನ್ನಿಕ್ಕವುಂ, ಎನಕ್ಕು ಪುರಿಯವಿಲ್ಲೈ" ಅಂತು, ಕ್ಷಮಿಸಿ ಅರ್ಥವಾಗಲಿಲ್ಲ ಅಂತ.

"ನೀನು ಸುಮ್ನಿರೇ!" ಅಂದ್ವಿ ಇಬ್ಬರೂ ಒಟ್ಟಿಗೆ.

ಬೆಳಿಗ್ಗೆ ಪ್ರಭಾಕರ್ ಟೆಂಪೋ ತಂದು ಬಾಗಿಲಲ್ಲಿ ನಿಲ್ಲಿಸ್ದ. ಕೈಲಿ ತಟ್ಟುವಡೆ ಸೆಟ್ಟು, ಅಂದ್ರೆ ಚಟ್ನಿ ಸವರಿ ಜೋಡಿಸಿದ ಪುಟ್ಟ ನಿಪ್ಪಟ್ಟಿನ ಪೊಟ್ಟಣ, ಓಗೋ ದಿನ ಅತ್ತಿಗೆ ಮನಸ್ಸು ನೋಯಬಾರ್ದು ಅಂತ ತಂದಿದ್ನಂತೆ. "ಅವಳು ಬರಲ್ಲ" ಅಂತ ನಾನು ಹೇಳೋಕೆ ಓದೆ. ಸುಗುಣಾ ನನ್ನ ತೋಳು ಹಿಡಿದು ಹಿಂದಕ್ಕೆ ಎಳೆದ್ಲು. "ನಂಗೆ ಬಾಯಿಲ್ವಾ ಅಕ್ಕಾ? ನಾನೇ ಹೇಳ್ತೀನಿ." ಗಂಡನ ಮುಂದೆ ನಿಂತು, "ನಾನು ಬರಲ್ಲ. ಇಲ್ಲೇ ಇರ್ತೀನಿ" ಅಂದ್ಲು. ಪ್ರಭಾಕರ್ ನಮ್ಮಿಬ್ಬರ ಮುಖ ನೋಡ್ದ, ಟೆಂಪೋ ನೋಡ್ದ, "ಸರಿ" ಅಂತ ತಟ್ಟುವಡೆ ಪೊಟ್ಟಣ ಬಿಚ್ಚಿ ತಾನೇ ಒಂದು ಬಾಯಿಗೆ ಆಕ್ಕೊಂಡ. ಮಾಲತಿಗೆ ಫೋನ್ ಮಾಡಿ ಹೇಳಿದ್ರೆ, "ಅಯ್ಯೋ ಪರವಾಗಿಲ್ಲಮ್ಮಾ, ಪರವಾಗಿಲ್ಲ, ಹಾಸ್ಟೆಲ್ ಊಟ ನಂಗೆ ಅಭ್ಯಾಸ ಆಗೈತೆ" ಅಂತ ಎಷ್ಟು ಬೇಗ ಹೇಳಿದ್ಲು ಅಂದ್ರೆ ಸುಗುಣಾಗೆ ಅನುಮಾನ ಬಂತು. ಅದು ತಾಯಿ ಮಗಳ ವಿಷಯ, ನಾನು ಮಧ್ಯೆ ಓಗಲಿಲ್ಲ.

ನಾವು ಜಗಳ ಬಿಟ್ವಿ ಅನ್ಕೋಬೇಡಿ. ಮೊನ್ನೆ ತಾನೇ ಹಾಸು ಬಿಗಿ ಆಯ್ತು ಸಡಿಲ ಆಯ್ತು ಅಂತ ಒಂದು ಗಂಟೆ ಆಡಿದ್ವಿ, ಮುಖಕ್ಕೆ ಮುಖ ಕೊಟ್ಟು, ಹೆಸರು ಹಿಡಿದು. ಪಕ್ಕದ ಮನೆಯೋಳು ಗೋಡೆ ಮೇಲಿಂದ ಇಣುಕಿ, ಆ ಸ್ಟೇಷನ್ ಯಾಕೆ ಬರ್ತಿಲ್ಲ ಅಂದ್ಲು.

ಆದ್ರೆ ಟೆಂಪೋ ಖಾಲಿ ವಾಪಸ್ ಓದ ಆ ದಿನ ನಡೆದ ಒಂದು ವಿಷಯ ಯಾರಿಗೂ ಹೇಳಿಲ್ಲ, ನಿಮಗೆ ಹೇಳ್ತೀನಿ. ಮಧ್ಯಾಹ್ನ ಅಡುಗೆಮನೇಲಿ ಒಬ್ಬಳೇ ನಿಂತಿದ್ದೆ. ಅವಳು ಹಿತ್ತಲಲ್ಲಿ ಬಟ್ಟೆ ಆರಾಕ್ತಿದ್ಲು. ಏನೂ ಕೆಲಸ ಇರಲಿಲ್ಲ ಅವಳ ಹತ್ರ. ಉಪ್ಪಿತ್ತು, ಹುಳಿಯಿತ್ತು, ಎಲ್ಲಾ ಇತ್ತು.

"ಸುಗುಣಾ!" ಅಂತ ಕೂಗ್ದೆ.

"ಏನಕ್ಕಾ?" ಅಂದ್ಲು, ಒದ್ದೆ ಸೀರೆ ಹಿಡ್ಕೊಂಡು ಬಾಗಿಲಿಗೆ ಓಡಿ ಬಂದು.

"ಏನಿಲ್ಲ ಕಣೇ" ಅಂದೆ. "ಸುಮ್ಮನೆ ಕರೆದೆ."

ಅವಳು ಒದ್ದೆ ಸೀರೆ ಹೆಗಲಿಗೆ ಆಕ್ಕೊಂಡ್ಲು. "ಕರಿ ಅಕ್ಕಾ" ಅಂದ್ಲು. "ಎಷ್ಟು ಸಲ ಬೇಕಾದ್ರೂ ಕರಿ."